ನಲವತ್ತು ಎಂಬಿಯ ಸಮಾಜ

೫ ಜನವರಿ ೧೯೯೭, ರವಿವಾರ
ಖಾಲಿ ಜಾಗ: ೧೧,೪೬,೮೮೦ ಬೈಟು

ಹೊಸ ವರ್ಷಕ್ಕೆ ಜನ ಸಂಕಲ್ಪ ಮಾಡುತ್ತಾರೆ. ಒಬ್ಬರು ತಂಬಾಕು ಬಿಡುತ್ತಾರೆ, ಇನ್ನೊಬ್ಬರು ಸಿಟ್ಟು ಬಿಡುತ್ತಾರೆ, ಎಂಟನೆಯ ದಿನಕ್ಕೆ ಎರಡೂ ವಾಪಸು ಬರುತ್ತವೆ. ನಮ್ಮ ಮನೆಯಲ್ಲಿ ಸಂಕಲ್ಪ ಮಾಡುವವರು ಅಪ್ಪ, ನಡೆಸುವವಳು ನಾನು. ದಿನಾ ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿ, ಅದರ ಹಾರ್ಡ್ ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡಿ ಬರೆದಿಡಬೇಕಂತೆ. ಡಿ, ಐ, ಆರ್ ಎಂದು ಒತ್ತಿದರೆ ಫೈಲುಗಳ ಹೆಸರು ಸರಸರ ಮೇಲೇರಿ ಕೊನೆಯ ಸಾಲಿನಲ್ಲಿ ಆ ಅಂಕಿ ಬಂದು ನಿಲ್ಲುತ್ತದೆ. ಅಪ್ಪನಿಗೆ ತೋರಿಸಲು ಬೇರೆ ವಹಿ ಇದೆ. ಇದು ನನ್ನದು. ಇದರಲ್ಲಿ ಅಂಕಿಯ ಕೆಳಗೆ ಹೊಟ್ಟೆಯುರಿಯನ್ನೂ ಬರೆಯಬಹುದು.

ಅಪ್ಪ ಬಾಳಾಸಾಬ ಇಲ್ಲಿಯೇ ಚಿಕ್ಕೋಡಿಯ ತಹಶೀಲ್ದಾರ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ರಿಕಾರ್ಡು ಕಾಯ್ದು, ಶಿರಸ್ತೇದಾರರಾಗಿ ನಿವೃತ್ತರಾದವರು. ಮರುದಿನದಿಂದಲೇ ಸಮಾಜಸೇವೆ ಶುರು. ಸಮಾಜಕ್ಕೆ ಏನು ಬೇಕಾಗಿತ್ತೋ ಕಾಣೆ, ಅಪ್ಪನಿಗೆ ಮಾತ್ರ ಒಂದು ಕಚೇರಿ ಬೇಕಾಗಿತ್ತು. ಪಡಸಾಲೆಗೆ ಮೇಜು ಬಂತು, ಗೋಡೆಗೆ 'ಸಮಾಜದ ವಧೂವರರ ಯಾದಿ' ಎಂಬ ಬೋರ್ಡು ಬಂತು, ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಹಳತಾಗಿ ಮೂಲೆ ಸೇರಿದ್ದ ಈ ಕಂಪ್ಯೂಟರೂ ಬಂತು. ಮೂರು ವರ್ಷವಾದರೂ ಅದರ ಫ್ಯಾನು ತಿರುಗಿದರೆ ಇಡೀ ಮನೆಗೆ ಸೀನು.

ಡಿಸ್ಕು ನಲವತ್ತು ಎಂಬಿ. ಅದರೊಳಗೆ ಅಥಣಿ, ರಾಯಬಾಗ, ಕಾಗವಾಡ, ನಿಪ್ಪಾಣಿ, ಚಿಕ್ಕೋಡಿಯ ನಮ್ಮ ಸಮಾಜದ ಆರುನೂರ ಹನ್ನೆರಡು ಮಂದಿ ತಮ್ಮ ಎತ್ತರ, ಬಣ್ಣ, ಕುಲದ ಬೆಡಗು, ಹೊಲ, ಫೋಟೊ ಸಮೇತ ಕಿಕ್ಕಿರಿದು ಕೂತಿದ್ದಾರೆ. ಒಂದು ಫೋಟೊಕ್ಕೆ ನಲವತ್ತು ಕೆಬಿ ಹೋಗುತ್ತದೆ. ಉಳಿದ ಜಾಗದಲ್ಲಿ ಇನ್ನು ಇಪ್ಪತ್ತೆಂಟು ಫೋಟೊ ಹಿಡಿಯುತ್ತವೆ. ಇಪ್ಪತ್ತೊಂಬತ್ತನೆಯವರು ಬಂದರೆ ಅವರಿಗೆ ಬ್ರಹ್ಮಚರ್ಯವೇ ಗತಿ.

ಯಾದಿಯ ಮೊದಲನೇ ನಂಬರು ನಾನೇ. ಸಕ್ಕುಬಾಯಿ, ಬಿ.ಕಾಂ., ಕಂಪ್ಯೂಟರ್ ಕೋರ್ಸ್ ಆಗಿದೆ, ವಯಸ್ಸು ಇಪ್ಪತ್ತೇಳು. ಇದು ೧೯೯೪ರಲ್ಲಿ ಅಪ್ಪ ಟೈಪು ಮಾಡಿದ್ದು. ಯಂತ್ರದೊಳಗೆ ಹೋದವರಿಗೆ ವಯಸ್ಸಾಗುವುದಿಲ್ಲ, ಅದೊಂದು ಲಾಭ. ಯಾದಿಯನ್ನು ಪ್ರಿಂಟ್ ಹೊಡೆದು ಬಂದವರ ಕೈಗೆ ಕೊಡುವುದು ಅಪ್ಪನ ಕೆಲಸ. ನಾನು ಆ ಕಾಗದದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನನ್ನ ಹೆಸರು ನನಗೆ ಗೊತ್ತಿದೆ.

೯ ಜನವರಿ, ಗುರುವಾರ
ಖಾಲಿ ಜಾಗ: ೧೦,೬೪,೯೬೦

ರಾಯಬಾಗದಿಂದ ಸುಂದ್ರವ್ವ ಬಂದಿದ್ದಳು. ಅವಳ ಮಗ ರಾಜಾರಾಮ ಅಲ್ಲಿನ ದನದ ದವಾಖಾನೆಯಲ್ಲಿ ಕಂಪೌಂಡರ್. ಹೋದ ವರ್ಷ ಯಾದಿಗೆ ಹೆಸರು ಹಚ್ಚಲು ಬಂದವನು ನನ್ನ ತಂಗಿ ಸೋನಾಬಾಯಿ ಕೊಟ್ಟ ಚಹಾ ಕುಡಿದು ಹೋದ. 'ಫೋಟೊ ಬರೋಬರಿ ಬಂದಿಲ್ಲ, ಬ್ಯಾರೆ ತಂದೀನಿ' ಎಂದು ಮತ್ತೆ ಬಂದ. ಮೂರನೆಯ ಸಲವೂ ಬಂದ. ಮೂರನೆಯ ಸಲ ತಂದದ್ದೂ ಮೊದಲನೆಯದೇ ಫೋಟೊ. ಸೋನಾ ಆ ದಿನ ಸಕ್ಕರೆ ಹಾಕುವುದನ್ನೇ ಮರೆತಿದ್ದಳು, ಅವನು 'ಚಹಾ ಝಕಾಸ್ ಆಗೈತಿ' ಎಂದ. ಅಲ್ಲಿಗೆ ನಮಗೆಲ್ಲ ತಿಳಿಯಿತು.

ಸುಂದ್ರವ್ವ ಸುತ್ತುಬಳಸಿ ಮಾತಾಡುವವಳಲ್ಲ. "ಉಗಾದಿತನಕಾ ದಾರಿ ನೋಡ್ತೀವ್ರಿ ಅಣ್ಣಾರ. ಅಷ್ಟರಾಗ ಹೂಂ ಅಂದ್ರ ಸೋನಾ ನಮ್ಮಾಕಿ. ಇಲ್ಲಂದ್ರ ಅಥಣಿದೊಂದ ಹುಡಗಿ ನೋಡೇವಿ."

ಅಪ್ಪನ ಉತ್ತರ ನನಗೆ ಬಾಯಿಪಾಠ. "ಹಿರೇಕಿ ಮನ್ಯಾಗ ಕುಂತಿರಬೇಕಾರ ಕಿರೇಕಿಗೆ ಅರಿಷಿಣ ಹೆಂಗ ಹಚ್ಚಲ್ರಿ ತಂಗೀ? ನಾನ ಸಮಾಜದ ಯಾದಿ ಇಟ್ಟಾಂವ. ನಾನ ಪದ್ಧತಿ ಮುರದ್ರ ಮಂದಿ ಏನಂದಾರು?"

ಅಂದರೆ ಉಗಾದಿಯೊಳಗೆ ನಾನು ಯಾರ ಕೊರಳಿಗಾದರೂ ಬೀಳಬೇಕು. ಇಲ್ಲದಿದ್ದರೆ ಸೋನಾಳ ರಾಜಾರಾಮ ಅಥಣಿಗೆ ಹೋಗುತ್ತಾನೆ. ಆ ಅಥಣಿಯ ಹುಡುಗಿಯೂ ನಮ್ಮ ಯಾದಿಯವಳೇ. ಅವಳ ಫೋಟೊವನ್ನು ಸ್ಕ್ಯಾನ್ ಮಾಡಿದ್ದೂ ನಾನೇ, ಕೈಯಲ್ಲಿ ಹಿಡಿಯುವ ಸ್ಕ್ಯಾನರನ್ನು ಇಸ್ತ್ರಿ ಹಾಕಿದಂತೆ ನಿಧಾನಕ್ಕೆ ಎಳೆದು, ಚಂದ ಬರಲಿ ಎಂದು ಎರಡು ಸಲ.

ದೀಪಾವಳಿಯಿಂದೀಚೆ ಯಾದಿ ನೋಡಿ ನನ್ನನ್ನು ಕೇಳಿಕೊಂಡು ಒಬ್ಬರೂ ಬಂದಿಲ್ಲ. ಅಪ್ಪ ಅದಕ್ಕೆ 'ಗ್ರಹಗತಿ' ಎನ್ನುತ್ತಾರೆ.

೧೯ ಜನವರಿ, ರವಿವಾರ
ಖಾಲಿ ಜಾಗ: ೯,೮೩,೦೪೦

ಅವ್ವ ಲಗಮವ್ವ ಇವತ್ತು ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿ ಹರಕೆ ಹೊತ್ತು ಬಂದಳು, ನನ್ನ ಸಲುವಾಗಿಯೇ. ಬರುವಾಗ ಅಲ್ಲಿಯ ಅರಿಶಿಣದ ಭಂಡಾರ ತಂದಳು. ನನ್ನ ಹಣೆಗೆ ಹಚ್ಚಿದಳು, ಸೋನಾಗೆ ಹಚ್ಚಿದಳು, ಎಮ್ಮೆಗೆ ಹಚ್ಚಿದಳು. ಆಮೇಲೆ ಕಂಪ್ಯೂಟರಿನ ಮುಂದೆ ನಿಂತು ಅದರ ಹಣೆ ಎಲ್ಲಿದೆ ಎಂದು ಹುಡುಕಿದಳು. ಹಣೆ ಸಿಗಲಿಲ್ಲ, ಬಾಯಿ ಸಿಕ್ಕಿತು. ಫ್ಲಾಪಿ ಹಾಕುವ ಸಂದಿಯಲ್ಲಿ ಒಂದು ಚಿಟಿಕೆಯಲ್ಲ, ಒಂದು ಮುಷ್ಟಿ ಭಂಡಾರ ಸುರಿದಳು.

"ಅವ್ವಾ! ಏನ ಮಾಡಿದಿ ಬೇ!" ಎಂದು ನಾನು ಕೂಗಿದರೆ,

"ಪ್ರಸಾದ ಹಾಕೀನಿ. ಎಲ್ಲಾರ ಮದಿವಿ ಮಾಡೋ ದೇವ್ರಿಗೆ ಒಪ್ಪತ್ತರ ಪ್ರಸಾದ ಬ್ಯಾಡೇನ?" ಎಂದಳು.

ಫ್ಲಾಪಿ ಹಾಕಿದರೆ ಕರಕರ ಎನ್ನುತ್ತದೆ, ಹೊರಬಂದರೆ ಹಳದಿಯಾಗಿ ಬರುತ್ತದೆ. ಹಳೆಯ ಫೋಟೊಗಳನ್ನು ಫ್ಲಾಪಿಗೆ ಸಾಗಿಸಿ ಜಾಗ ಮಾಡೋಣವೆಂದುಕೊಂಡಿದ್ದೆ, ಆ ದಾರಿ ಮುಚ್ಚಿತು. ಕೊಲ್ಲಾಪುರದ ರಿಪೇರಿಯವನಿಗೆ ಫೋನು ಮಾಡಿದೆ. ಒಳಗೆ ಅರಿಶಿಣ ಹೋಗಿದೆ ಎಂದರೆ ಆತ ಏನೆಂದು ಮರಾಠಿಯಲ್ಲಿ ಎರಡು ಸಲ "ಕಾಯ್?" ಎಂದು ಕೇಳಿ, ಆಮೇಲೆ ನಕ್ಕು ಫೋನಿಟ್ಟ.

೨ ಫೆಬ್ರುವರಿ, ರವಿವಾರ
ಖಾಲಿ ಜಾಗ: ೬,೫೫,೩೬೦

ವರ ಬಂದಿದ್ದ. ಹಾಲಸಿದ್ದ ಕಾಕಾ ಹುಡುಕಿ ತಂದ ವರ, ನಿಪ್ಪಾಣಿಯವನು, ನಲವತ್ತೊಂದು ತುಂಬಿದೆ. ಕಾಕಾನ ಪ್ರಕಾರ 'ಮೂವತ್ತೈದರಂಗ ಕಾಣ್ತಾನ.' ಯಾವ ಕಡೆಯಿಂದ ನೋಡಿದರೆ ಎಂದು ಕಾಕಾ ಹೇಳಲಿಲ್ಲ.

ಉಪ್ಪಿಟ್ಟು, ಚಹಾ, ತಲೆ ಬಗ್ಗಿಸಿ ನಮಸ್ಕಾರ. ಹುಡುಗಿಯನ್ನು ನೋಡುವುದು ಮೂರು ನಿಮಿಷದಲ್ಲಿ ಮುಗಿಸಿ ಆತ ಕಂಪ್ಯೂಟರ್ ನೋಡಲು ಎದ್ದ. ತಾನೂ ಆಫೀಸಿನಲ್ಲಿ ಅದನ್ನೇ ಒತ್ತುವವನಂತೆ.

"ಎಷ್ಟ ಎಂಬಿ ಐತ್ರಿ ಇದು?"

"ನಲವತ್ತು," ಎಂದೆ.

"ಹ್ಯಾ! ನಮ್ಮಲ್ಲೆ ಐನೂರ ನಲವತ್ತ ಐತಿ. ಇದರಾಗ ಏನ ಹಿಡಿತೈತ್ರಿ?"

"ನಿಮ್ಮ ವಯಸ್ಸ ಮಾತ್ರ ಹಿಡ್ಯಾಂಗಿಲ್ರಿ," ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೋನಾ ಬಾಗಿಲ ಸಂದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಪಾಪ, ಅವಳ ಕಣ್ಣಿನಲ್ಲಿ ಉಗಾದಿ ಕಾಣುತ್ತಿತ್ತು. ಬಾಯಿ ಮುಚ್ಚಿಕೊಂಡೆ.

ಒಳಗೆ ಹೋಗಿ ಪಾತ್ರೆ ತಿಕ್ಕುವಾಗ ಪ್ರಿಂಟರ್ ಕಿರ್ರ್ ಎನ್ನುವುದು ಕೇಳಿಸಿತು. ಹೊರಡುವಾಗ ಆತನ ಕಂಕುಳಲ್ಲಿ ಯಾದಿಯ ಸುರುಳಿ. ಹೆಣ್ಣು ನೋಡಲು ಬಂದವನು ಉಳಿದ ಹೆಣ್ಣುಗಳ ಯಾದಿ ಒಯ್ದ. ಸಂತೆಗೆ ಬಂದವರು ಹೀಗೆ ಒಂದು ಬದನೆಕಾಯಿ ಒತ್ತಿ ನೋಡಿ, ಮುಂದಿನ ಬುಟ್ಟಿಗೆ ಹೋಗುತ್ತಾರೆ.

"ಯಾದಿ ಯಾಕ ಕೊಟ್ರಿ ಅಪ್ಪಾ?" ಎಂದು ಕೇಳಿದೆ.

"ಸಮಾಜದ ಕೆಲಸ. ಕೇಳಿದವ್ರಿಗೆ ಇಲ್ಲನ್ನಾಕ ಬರಾಂಗಿಲ್ಲ," ಎಂದು ಅಪ್ಪ ಎಲೆಯಡಿಕೆ ಹುಡುಕಲು ಒಳಗೆ ಹೋದರು. ಎಲೆಯಡಿಕೆ ಅವರ ಮುಂದೆಯೇ ಇತ್ತು.

ಅತ್ತಿದ್ದೇನೆ. ಬರೆಯಬಾರದೆಂದುಕೊಂಡಿದ್ದೆ, ಬರೆದೆ.

೧೭ ಫೆಬ್ರುವರಿ, ಸೋಮವಾರ
ಖಾಲಿ ಜಾಗ: ೩,೨೭,೬೮೦

ಇನ್ನು ಎಂಟು ಫೋಟೊ. ಮದುವೆಯಾದವರನ್ನು ತೆಗೆದುಹಾಕದೆ ಗತಿಯಿಲ್ಲ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ನಾನೇನೋ ಕೊಲೆಯ ಮಾತಾಡಿದಂತೆ ನೋಡಿದರು.

ಇದರ ಹಿಂದೆ ಒಂದು ಕತೆ ಇದೆ. ಕಂಪ್ಯೂಟರಿಗೆ ಮೊದಲು ಅಪ್ಪನ ಯಾದಿ ಒಂದು ಕೆಂಪು ವಹಿಯಲ್ಲಿತ್ತು. ಯಾವುದೇ ಹುಡುಗಿಯ ಲಗ್ನಪತ್ರಿಕೆ ಬಂದರೆ ಅವಳ ಹೆಸರಿನ ಮೇಲೆ ಗೀಟು ಹೊಡೆಯುತ್ತಿರಲಿಲ್ಲ. ಗೀಟು ಹೊಡೆಯುವುದು ಸತ್ತವರಿಗೆ. ಮದುವೆಯಾದವಳ ಹೆಸರಿನ ಮುಂದೆ ಅಪ್ಪ ಉಂಗುರಬೆರಳಿನಿಂದ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಬೊಟ್ಟು ಎಲ್ಲಿಡುವುದು ಎಂದು ಎರಡು ದಿನ ಊಟ ಬಿಟ್ಟರು. ಆಗ ನಾನೇ ಕಲಿಸಿದ್ದು. ನಮ್ಮ ಪ್ರೋಗ್ರಾಮಿನಲ್ಲಿ ಡಿಲೀಟ್ ಕೊಟ್ಟರೆ ಹೆಸರು ಅಳಿಯುವುದಿಲ್ಲ. ಅದರ ಮುಂದೆ ಒಂದು ನಕ್ಷತ್ರ ಬೀಳುತ್ತದೆ, ಪ್ರಿಂಟಿನ ಯಾದಿಯಲ್ಲಿ ಮಾತ್ರ ಕಾಣುವುದಿಲ್ಲ. "ಹಾಂ, ಇದ ನೋಡು, ಕುಂಕುಮ ಇಟ್ಟಂಗ ಆತು," ಎಂದು ಅಪ್ಪ ಹಿಗ್ಗಿದ್ದರು. ನಕ್ಷತ್ರಕ್ಕೆ ನಮ್ಮ ಮನೆಯಲ್ಲಿ ಕುಂಕುಮವೆಂದೇ ಹೆಸರು.

ಹಾಗಾಗಿ ಕುಂಕುಮ ಬಿದ್ದವರೆಲ್ಲ ಇನ್ನೂ ಒಳಗೇ ಇದ್ದಾರೆ, ಫೋಟೊ ಸಮೇತ. ತವರು ಬಿಟ್ಟು ಹೋದರೂ ಟ್ರಂಕು ಇಲ್ಲಿಯೇ ಇಟ್ಟು ಹೋದ ಹಾಗೆ. ಎಣಿಸಿದರೆ ನೂರಾ ಅರವತ್ತಮೂರು. ಅವರನ್ನು ನಿಜವಾಗಿ ತೆಗೆಯಲು ಪ್ಯಾಕ್ ಎಂಬ ಆಜ್ಞೆ ಇದೆ. ಕೊಟ್ಟು ನೋಡಿದೆ. ಡಿಸ್ಕಿನಲ್ಲಿ ಜಾಗ ಸಾಲದು ಎಂದಿತು. ಅದು ಮೊದಲು ಎಲ್ಲರನ್ನೂ ಇನ್ನೊಂದು ಕಡೆ ನಕಲು ಮಾಡಿಕೊಂಡು ಆಮೇಲೆ ಖಾಲಿ ಮಾಡುತ್ತದಂತೆ. ಜಾಗ ಮಾಡಲು ಜಾಗ ಬೇಕು. ಸರಕಾರಿ ಕಚೇರಿಯ ಬುದ್ಧಿ ಇದಕ್ಕೂ ಬಂದಿದೆ, ಅಪ್ಪನ ಸಹವಾಸ.

"ಹಂಗಾರ ಮೊದಲ ಅವರ ಫೋಟೊ ಅಳಸ್ತೀನಿ," ಎಂದೆ.

ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದೇ ಬಂದಳು. "ಮುತ್ತೈದೇರ ಮಾರಿ ಅಳಸ್ತೀಯೇನ ಬೇ? ಬಳಿ ಒಡದ್ರೂ ಒಡದ್ವು ಅನ್ನಾಂಗಿಲ್ಲ ನಾವು, ಹೆಚ್ಚಿದ್ವು ಅಂತೀವಿ. ಬಾಯಾಗಿನ ಮಾತ ನೋಡ ಈಕೀದು!"

ಕೊನೆಗೆ ಶಿರಸ್ತೇದಾರರು ತೀರ್ಪು ಕೊಟ್ಟರು. ಪ್ರತಿಯೊಬ್ಬರಿಗೂ ಕಾರ್ಡು ಬರೆದು ಫೋಟೊ ತೆಗೆಯಲು ಒಪ್ಪಿಗೆ ಕೇಳಬೇಕು. ಕಂಪ್ಯೂಟರಿನಲ್ಲಿ ಹೆಸರು ನೋಡಿ ಬರೆಯುತ್ತೇನೆ ಎಂದರೆ ಬೇಡವೇ ಬೇಡ ಎಂದು, ತಾವೇ ಲಗ್ನಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತರು. ಪತ್ರಿಕೆಗಳು ನೂರಾ ಅರವತ್ತೆರಡು. ಕುಂಕುಮ ನೂರಾ ಅರವತ್ತಮೂರು. ಯಾವಳೋ ಒಬ್ಬಳು ಪತ್ರಿಕೆ ಹಂಚದೆ ಮದುವೆಯಾಗಿದ್ದಾಳೆ. ಧೈರ್ಯದವಳು.

೧ ಮಾರ್ಚ್, ಶನಿವಾರ
ಖಾಲಿ ಜಾಗ: ೨,೪೫,೭೬೦

ಕಾರ್ಡುಗಳಿಗೆ ಉತ್ತರಗಳು ಬರುತ್ತಿವೆ. ಒಬ್ಬಳ ಗಂಡ 'ನಮ್ಮ ಮನೆಯವರ ಫೋಟೊ ನಿಮ್ಮಲ್ಲೇಕೆ' ಎಂದು ರಿಜಿಸ್ಟರ್ ಮಾಡಿ ಬರೆದಿದ್ದಾನೆ. ಇನ್ನೊಬ್ಬಳು 'ಇರಲಿ ಬಿಡ್ರಿ, ಅದೊಂದರಾಗ ನಾ ತೆಳ್ಳಗ ಇದ್ನಿ' ಎಂದಿದ್ದಾಳೆ.

ಉತ್ತರ ಬಾರದವರನ್ನು ನೋಡಿಬಾ ಎಂದು ಅಪ್ಪ ಕಬ್ಬೂರಿಗೆ ಅಟ್ಟಿದರು. ಬಸ್ಸಿನಲ್ಲಿ ಮೇಕೆಯೊಂದು ನನ್ನ ವಹಿಯ ಮೂಲೆ ತಿಂದಿತು. ಅಲ್ಲಿ ಶಿವಗಂಗವ್ವ ಎಂಬವಳ ತವರಿನಲ್ಲಿ ವಿಚಾರಿಸಿದರೆ ಬಾಗಿಲಿಗೆ ಬಂದವಳು ಅವಳೇ. ಎರಡು ವರ್ಷದ ಹಿಂದೆ ಪತ್ರಿಕೆ ಬಂದಿತ್ತು, ಅರಿಶಿಣ ಹಚ್ಚಿದ ಪತ್ರಿಕೆ. ಎಂಟು ತಿಂಗಳಿಂದ ತವರಿನಲ್ಲೇ ಇದ್ದಾಳೆ. ಗಂಡ ಹೊಡೆಯುತ್ತಿದ್ದ, ಆಮೇಲೆ ಇನ್ನೊಬ್ಬಳನ್ನು ತಂದ, ಪಂಚರು ಕೂತು ವಿಚ್ಛೇದನದ ಸೋಡಚಿಟ್ಟಿ ಬರೆಸಿದರು. ಇಷ್ಟನ್ನು ಕುರಿಗೆ ಸೊಪ್ಪು ಹಾಕುತ್ತ ಹೇಳಿದಳು.

ಫೋಟೊ ತೆಗೆಯಲೇ ಎಂದು ಕೇಳಿದೆ. ಕೈಗೆ ಹತ್ತಿದ ಸೊಪ್ಪು ಜಾಡಿಸಿ, "ಬಾಯಾರ, ಮತ್ತ ಹೆಸರ ಹಚ್ಚಾಕ ಬರ್ತೈತೇನ್ರಿ?" ಎಂದಳು.

ಮನೆಗೆ ಬಂದು ಅಪ್ಪನನ್ನು ಕೇಳಿದರೆ, "ಒಮ್ಮಿ ಕುಂಕುಮ ಇಟ್ಟಾತು. ತಿರಗಿ ತಗದ್ರ ಸಮಾಜ ಸುಮ್ಮನಿರತೈತೇನ?" ಎಂದರು.

ಅಪ್ಪ ಸಂಜೆ ವಾಕಿಂಗಿಗೆ ಹೋದಾಗ ಅವಳ ಹೆಸರಿಗೆ ರಿಕಾಲ್ ಕೊಟ್ಟೆ. ನಕ್ಷತ್ರ ಹೋಯಿತು, ಹೆಸರು ತಿರುಗಿ ಬಂತು. ಒಂದೇ ಒಂದು ಶಬ್ದ, ಎಂಟರ್. ಕೇಳದೆ ಮಾಡಿದ ಮೊದಲ ಕೆಲಸ. ಹೆದರಿಕೆಯಾಗಬೇಕಿತ್ತು, ಯಾಕೋ ಹಸಿವೆಯಾಯಿತು. ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

೩ ಮಾರ್ಚ್, ಸೋಮವಾರ
ಖಾಲಿ ಜಾಗ: ೨,೦೪,೮೦೦

ಇವತ್ತಿಗೆ ನನಗೆ ಮೂವತ್ತು. ಯಂತ್ರಕ್ಕೆ ಹೇಳಿಲ್ಲ.

ಬೆಳಿಗ್ಗೆಯಿಂದ ಐದು ಮಂದಿ ಬಂದರು. ಪಡಸಾಲೆಯಲ್ಲಿ ಅಪ್ಪ ಕನ್ನಡಕ ಏರಿಸಿ ಕೂತಿದ್ದರೆ ಅವರನ್ನು ದಾಟಿ, "ಬಾಯಾರ ಅದಾರೇನ್ರಿ?" ಎಂದು ಸೀದಾ ನನ್ನ ಹತ್ತಿರ ಬರುತ್ತಾರೆ. ಕೊಗನೊಳ್ಳಿಯಿಂದ ಬಂದ ಮುದುಕನಂತೂ ತನ್ನ ಮೊಮ್ಮಗಳಿಗೆ ಯಾರು ಹೊಂದುತ್ತಾರೆ ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನನ್ನನ್ನೇ ಕೇಳಿದ. ಕುಡಿಯುವ ಚಟ ಇದ್ದವನ ಹೆಸರು ಬಂದಾಗ "ಇಂವ ಬ್ಯಾಡ್ರಿ ಅಜ್ಜಾ," ಎಂದುಬಿಟ್ಟೆ. ಯಾದಿ ಇಡುವವರು ಹಾಗೆ ಹೇಳಬಾರದು. ಶಿಸ್ತಿಲ್ಲದ ಜನರ ನಡುವೆ ನನ್ನ ಶಿಸ್ತೂ ಹೋಗುತ್ತಿದೆ.

ಸೋನಾ ನನಗಾಗಿ ಹೋಳಿಗೆ ಮಾಡಿದ್ದಳು. ಬಡಿಸುತ್ತ, "ಅಕ್ಕಾ, ನನ್ನ ಸಲುವಾಗಿ ಯಾವಂಗರ ಹೂಂ ಅನಬ್ಯಾಡ ನೀ," ಎಂದಳು. ಅಂದು ಮುಖ ತಿರುಗಿಸಿದಳು. ರಾಯಬಾಗದ ಬಸ್ಸು ಹಾರನ್ ಹೊಡೆದರೆ ಈಗಲೂ ಕಿಟಕಿಗೆ ಓಡುವವಳು. ಉಗಾದಿಗೆ ಮೂವತ್ತಾರು ದಿನ.

೧೨ ಮಾರ್ಚ್, ಬುಧವಾರ
ಖಾಲಿ ಜಾಗ: ೧,೬೩,೮೪೦

ನಾಲ್ಕು ಫೋಟೊ ಜಾಗ. ಇನ್ನು ಕಾಯಲಾಗದು ಎಂದು, ಪತ್ರಿಕೆಗಳ ಕಟ್ಟನ್ನು ಪಕ್ಕಕ್ಕಿಟ್ಟುಕೊಂಡು ಕುಂಕುಮ ಬಿದ್ದವರ ಯಾದಿಯನ್ನು ಪರದೆಗೆ ತಂದೆ. ಪತ್ರಿಕೆ ಹಂಚದೆ ಮದುವೆಯಾದ ಆ ಧೈರ್ಯದವಳು ಯಾರೆಂದು ತಿಳಿಯಬೇಕಿತ್ತು.

ಹುಡುಕುವ ಪ್ರಸಂಗವೇ ಬರಲಿಲ್ಲ. ಮೊದಲನೇ ಸಾಲಿನಲ್ಲಿದ್ದಾಳೆ.

ನಂಬರು ಒಂದು, ನಕ್ಷತ್ರ, ಸಕ್ಕುಬಾಯಿ ಬಾಳಾಸಾಬ, ಬಿ.ಕಾಂ., ಇಪ್ಪತ್ತೇಳು.

ವೋಲ್ಟೇಜು ಏರುಪೇರಾಗಿ ಹೀಗಾಗಿರಬೇಕು ಎಂದುಕೊಂಡೆ. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅಲ್ಲೇ ಇದ್ದೆ. ಈ ಮನೆಯಲ್ಲಿ ನಕ್ಷತ್ರ ಹಾಕಲು ಬರುವುದು ಇಬ್ಬರಿಗೆ. ನಾನು ಹಾಕಿಕೊಂಡಿಲ್ಲ.

ದೀಪಾವಳಿಯಿಂದ ಯಾರೂ ಬರದಿದ್ದದ್ದು ಗ್ರಹಗತಿಯಲ್ಲ. ನಾನು ಯಾದಿಯಲ್ಲೇ ಇರಲಿಲ್ಲ. ಆ ನಿಪ್ಪಾಣಿಯವನು ಒಯ್ದ ಸುರುಳಿಯಲ್ಲೂ ಇರಲಿಲ್ಲ. ದಿನಾ ಬೆಳಿಗ್ಗೆ ಎಷ್ಟು ಜಾಗ ಉಳಿದಿದೆ ಎಂದು ಎಣಿಸಿದೆ, ನನ್ನ ಜಾಗವನ್ನು ಮಾತ್ರ ನೋಡಿಕೊಳ್ಳಲಿಲ್ಲ.

೧೩ ಮಾರ್ಚ್, ಗುರುವಾರ

ಡಿಸ್ಕು ನೋಡಲಿಲ್ಲ, ಕಂಪ್ಯೂಟರನ್ನು ಆರಿಸಲೂ ಇಲ್ಲ. ಯಾರೊಂದಿಗೂ ಮಾತಾಡಲಿಲ್ಲ. ಅಪ್ಪ ಎರಡು ಸಲ ಕೆಮ್ಮಿದರು.

೧೪ ಮಾರ್ಚ್, ಶುಕ್ರವಾರ

ಬೆಳಿಗ್ಗೆ ಅಪ್ಪ ತಾವೇ ಚಹಾ ಮಾಡಿ ತಂದರು. ಮೂವತ್ತು ವರ್ಷದಲ್ಲಿ ಮೊದಲ ಸಲ. ಪುಡಿ ಹೆಚ್ಚಾಗಿ ಕಷಾಯವಾಗಿತ್ತು. ಅವ್ವ ಮತ್ತು ಸೋನಾ ಹಿತ್ತಿಲಿನಲ್ಲಿದ್ದರು. ಪರದೆಯ ಮೇಲೆ ಆ ಮೊದಲ ಸಾಲು ಹಾಗೆಯೇ ಇತ್ತು. ಅಪ್ಪ ಅದನ್ನು ನೋಡಿ ನೆಲ ನೋಡಿದರು.

"ದೀಪಾವಳಿ ಮುಂದ ಕಾಗವಾಡದವ್ರ ಬಂದಿದ್ರಲ್ಲ," ಎಂದು ಶುರುಮಾಡಿದರು. "ನೀ ಚಹಾ ಕೊಟ್ಟ ಒಳಗ ಹ್ವಾದಿ. ಅವ್ರು ಯಾದಿ ಬಿಚ್ಚಿ, ಮೊದಲನೇ ಹೆಸರಿನ ಮ್ಯಾಲ ಪೆನ್ನಲೆ ಗೀಟ ಹೊಡದ್ರವಾ. ನನ್ನ ಮುಂದ. ನೀ ಕೊಟ್ಟ ಕಪ್ಪ ಇನ್ನಾ ಅವರ ಕೈಯಾಗ ಇತ್ತು. 'ಇದನ್ನ ಬಿಟ್ಟ ಮುಂದಿಂದ ನೋಡೂನ್ರಿ' ಅಂದ್ರು. ನಾ ಇಟ್ಟ ಹೆಸರ ಅದು. ಹನ್ನೆರಡ ದಿನದ ಕೂಸಿನ ಕಿವ್ಯಾಗ ಹೇಳಿದ್ನಿ."

ನಾನು ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟೆ.

"ಅವತ್ತ ನಿನ್ನ ಹೆಸರಿಗೆ ಕುಂಕುಮ ಇಟ್ಟೆ. ಇನ್ನ ಯಾರೂ ಗೀಟ ಹೊಡೀಬಾರದು ಅಂತ. ಮದಿವಿ ಆದವರ ಸಾಲಿನ್ಯಾಗರ ಇರ್ಲಿ ಅನಸ್ತು ನೋಡು."

ಇಲ್ಲಿಯವರೆಗೆ ಬರೆಯುವಾಗ ನನ್ನ ಕಣ್ಣು ತುಂಬಿದೆ. ಆದರೆ ಆಗ ತುಂಬಲಿಲ್ಲ. ಆಗ ಬಂದದ್ದು ಸಿಟ್ಟು.

"ಗೀಟ ತಪ್ಪಿಸಿದ್ರಿ, ಖರೆ. ನೋಡೂದನ್ನೂ ತಪ್ಪಿಸಿದ್ರಿ. ನನ್ನ ಮದಿವಿ ಆಗ್ಲಿ ಅಂತ ಸೋನಾನ ನಿಲ್ಲಿಸಿದ್ರಿ. ನನ್ನ ಮದಿವಿ ಆಗದಂಗ ನನ್ನ ಬಚ್ಚಿಟ್ರಿ. ಹಿಂಗಾದ್ರ ಇಬ್ಬರೂ ಯಾವಾಗ ಹೊಸ್ತಿಲ ದಾಟಬೇಕ್ರಿ ಅಪ್ಪಾ? ಹೇಳ್ರಿ, ಶಿರಸ್ತೇದಾರ ಇದ್ರಲ್ಲ!"

ಅಪ್ಪ ಕನ್ನಡಕ ತೆಗೆದರು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಅವರು ಯೋಚಿಸಿಯೇ ಇರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಎರಡು ಬೇರೆ ಬೇರೆ ಫೈಲು.

"ಹಂಗ ವಿಚಾರ ಮಾಡಲಿಲ್ಲವಾ," ಎಂದರು. "ನಾ ಬರೇ ಗೀಟಿನ ವಿಚಾರ ಮಾಡಿದೆ."

ಚಹಾ ಆರಿತ್ತು. ಆದರೂ ಕುಡಿದೆ. ಇಂಥ ಕೆಟ್ಟ ಚಹಾ ಜನ್ಮದಲ್ಲಿ ಕುಡಿದಿರಲಿಲ್ಲ.

೧೭ ಮಾರ್ಚ್, ಸೋಮವಾರ
ಖಾಲಿ ಜಾಗ: ೬೦,೪೧,೬೦೦

ಇವತ್ತು ಅಪ್ಪನನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ.

"ಸೋನಾನ ಮದಿವಿ ಮಾಡ್ರಿ. ನನ್ನ ಸಲುವಾಗಿ ಯಾರೂ ನಿಲ್ಲೂದು ಬ್ಯಾಡ. ನನ್ನ ಹೆಸರ ಯಾದ್ಯಾಗ ಇರ್ಲಿ, ನೆಟ್ಟಗ ಇರ್ಲಿ. ಯಾರರ ಗೀಟ ಹೊಡದ್ರ ಹೊಡೀಲಿ, ಅವರ ಪೆನ್ನು. ಆ ಕುಂಕುಮ ಇಟ್ಟವ್ರು ನೀವು. ನೀವ ತಗೀರಿ."

"ಕುಂಕುಮ ತಗೀಬಾರದವಾ..."

"ಕಬ್ಬೂರದಾಕಿದು ನಾ ಹದಿನೈದ ದಿನದ ಹಿಂದನ ತಗದೀನಿ. ಮುಗಿಲ ಹರದಿಲ್ಲ, ಭೂಮಿ ಬಿರದಿಲ್ಲ."

ಅಪ್ಪ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ, ತೋರುಬೆರಳಿನಿಂದ ಒತ್ತಿದರು. ಎರಡು ಸಲ ತಪ್ಪಾಯಿತು. ಮೂರನೆಯ ಸಲ ನಕ್ಷತ್ರ ಹೋಯಿತು. ಆಮೇಲೆ ವಯಸ್ಸಿನ ಜಾಗಕ್ಕೆ ಹೋಗಿ ನಾನೇ ಮೂವತ್ತು ಎಂದು ಒತ್ತಿದೆ. 'ಗೃಹಕೃತ್ಯದಲ್ಲಿ ನಿಪುಣೆ' ಎಂದು ಅಪ್ಪ ಬರೆದಿದ್ದನ್ನೂ ತೆಗೆದೆ. ಸುಳ್ಳಿಗೇಕೆ ಜಾಗ ದಂಡ.

ನಂತರ ಒಪ್ಪಿಗೆ ಬಂದವರ ಫೋಟೊ ತೆಗೆದು, ಪ್ಯಾಕ್ ಕೊಟ್ಟೆ. ಯಂತ್ರ ಅರ್ಧ ತಾಸು ಗೊರಗೊರ ಎಂದು ಅರವತ್ತು ಲಕ್ಷ ಬೈಟು ಬಿಟ್ಟುಕೊಟ್ಟಿತು. ಅವ್ವ ಅಷ್ಟೂ ಹೊತ್ತು ಎದುರಿಗೆ ಊದುಬತ್ತಿ ಹಿಡಿದು ನಿಂತಿದ್ದಳು. ಬಾಯಿಗೆ ಹಾಕಬೇಡ ಎಂದು ಮೊದಲೇ ಹೇಳಿದ್ದೆ.

ಅಪ್ಪ ಮಧ್ಯಾಹ್ನದ ಬಸ್ಸಿಗೆ ರಾಯಬಾಗಕ್ಕೆ ಹೋದರು. ಸೋನಾ ನನ್ನನ್ನು ತಬ್ಬಿಕೊಂಡು ನನ್ನ ಹೊಸ ಬ್ಲೌಜಿನ ಮೇಲೆ ಮೂಗು ಒರೆಸಿದಳು. ತಂಗಿಯೆಂದರೆ ಇದೇ ಸುಖ.

೮ ಏಪ್ರಿಲ್, ಮಂಗಳವಾರ, ಉಗಾದಿ

ಬೇವು ಬೆಲ್ಲ ಬಾಯಿಗೆ ಹಾಕುವಷ್ಟರಲ್ಲಿ ರಾಯಬಾಗದವರು ಬಂದರು, ಸಕ್ಕರೆ ಹಂಚಿ ಮಾತು ಮುಗಿಸಲು. ರಾಜಾರಾಮ ಹೊಸ ಶರ್ಟಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ. ಅವನ ಜೊತೆ ಸುಂದ್ರವ್ವ, ಹತ್ತು ಹನ್ನೆರಡು ಗಂಡಸರು, ಎಲ್ಲರಿಗೂ ಚಹಾ ಎರಡೆರಡು ಸಲ. ನಾನು ಅಡುಗೆಮನೆಯಲ್ಲಿ ಕೂತಿರುತ್ತೇನೆ, ಹೊರಗೆ ಬರುವುದಿಲ್ಲ ಎಂದು ಅವ್ವನಿಗೆ ಹೇಳಿದ್ದೆ. ಆದರೆ ಪ್ರಿಂಟ್ ಕೇಳಿಕೊಂಡು ಮಂಗಸೂಳಿಯಿಂದ ಇಬ್ಬರು ಬಂದರು, ನಾನು ಹೊರಗೆ ಮೇಜಿಗೆ ಬಂದು ಕೂರಲೇಬೇಕಾಯಿತು. ಹಬ್ಬದ ದಿನವೂ ಬಿಡುವುದಿಲ್ಲ ಜನ.

ಮಾತು ಎಲ್ಲ ಮುಗಿದ ಮೇಲೆ ಅವರ ಕಡೆಯ ಹಿರಿಯನೊಬ್ಬ ನನ್ನ ಕಡೆ ಗದ್ದ ಎತ್ತಿ ಕೇಳಿದ. "ಮತ್ತ ಈ ದೊಡ್ಡಾಕಿದು ಏನ್ ಮಾಡಿದ್ರಿ ಬಾಳಾಸಾಬ?"

ಎಲೆಯಡಿಕೆ ಅಪ್ಪನ ಮುಂದೆಯೇ ಇತ್ತು. ಈ ಸಲ ಎದ್ದು ಹೋಗಲಿಲ್ಲ.

"ದೊಡ್ಡಾಕಿಗೆ ಮೂವತ್ತಾಗ್ಯಾವ್ರಿ. ಇಲ್ಲೆ ಅದಾಳ, ಬಚ್ಚಿಟ್ಟಿಲ್ಲ. ಬಂದಾಂವ ಆಕಿ ಮನಸಿಗೆ ಬಂದ್ರ ಹೋಗ್ತಾಳ. ಬರ್ಲಿಲ್ಲಂದ್ರ ಈ ಮನಿ ಆಕೀದೂ ಐತಿ. ಯಾದಿ ಈಗ ಆಕಿನ ಇಡ್ತಾಳ, ನಾ ಬರೇ ಬೋರ್ಡಿಗೆ ಅದೀನಿ."

ಹಿರಿಯ ಎತ್ತಿದ ಗದ್ದ ಇಳಿಸಿದ. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಪರದೆ ನೋಡಿದೆ. ಪರದೆ ಮಸುಕಾಗಿ ಕಂಡಿತು. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ, ಹೇಳಿಬಿಡುತ್ತೇನೆ.

ಗಂಡಸರು ಮತ್ತೆ ಮಳೆ ಬೆಳೆಯ ಮಾತಿಗೆ ತಿರುಗಿದರು. ಸುಂದ್ರವ್ವ ಮಾತ್ರ ತಿರುಗಲಿಲ್ಲ. ಎದ್ದು ಮೆಲ್ಲಗೆ ನನ್ನ ಮೇಜಿನ ಹತ್ತಿರ ಬಂದಳು. ಸೊಂಟದ ಚೀಲದೊಳಗೆ ಕೈ ಹಾಕಿ, ಅಡಿಕೆ ಸುಣ್ಣದ ಡಬ್ಬಿಗಳ ಕೆಳಗಿನಿಂದ ಒಂದು ಫೋಟೊ ತೆಗೆದಳು. ಮೂಲೆ ಸವೆದಿತ್ತು. ಅದರಲ್ಲಿದ್ದ ಹೆಂಗಸಿಗೆ ರಾಜಾರಾಮನದೇ ಮೂಗು.

"ಇವನ ಅಕ್ಕ," ಎಂದು ಪಿಸುಗುಟ್ಟಿದಳು. "ಮೂವತ್ನಾಕ ಆಗ್ಯಾವು. ಮಂದಿ ಬಂದ್ರ ಒಳಗಿನ ಕ್ವಾಣ್ಯಾಗ ಕುಂದರಸ್ತೀವಿ. ಹಿರೇಕಿ ಅದಾಳಂದ್ರ ಇವಗ ಹೆಣ್ಣ ಕೊಡೂದಿಲ್ಲ ಅಂತ ಎಲ್ಲೂ ಹೇಳಿಲ್ಲ. ಎಂಟ ವರ್ಷಾತು. ಇಂಥಾಕಿಗೂ ಅದರಾಗ ಜಾಗ ಐತೇನಬೇ?"

ನಮ್ಮ ಮನೆಯ ಹಿರೇಕಿಗಾಗಿ ಉಗಾದಿಯ ಗಡುವು ಕೊಟ್ಟವಳು ಇವಳೇ. ಬಾಯಿಗೆ ಹತ್ತು ಮಾತು ಬಂದವು, ಹತ್ತೂ ಹರಿತವಾದವು. ಒಂದನ್ನೂ ಆಡಲಿಲ್ಲ.

"ಐತ್ರಿ," ಎಂದು ಫೋಟೊ ಇಸಿದುಕೊಂಡೆ. "ಹೆಸರೇನ್ರಿ?"

ಸುಂದ್ರವ್ವ ಗಂಡಸರ ಕಡೆ ನೋಡಿದಳು. ಅಪ್ಪನನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಸತ್ತೆವ್ವ," ಎಂದಳು. ಪಿಸುಗುಟ್ಟಲಿಲ್ಲ. ಪಡಸಾಲೆಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು.